ನೆಲ ನಿಜಕ್ಕೂ ಡೊಂಕಾಗಿದ್ದರೆ?

ಕಾನೂನು ಪ್ರಶ್ನೋತ್ತರ

ಅಂಗಡಿ, ಮಾಲ್, ಶೋರೂಮುಗಳಲ್ಲಿ ಜಾರಿ ಬಿದ್ದವರ ಪತ್ರಗಳು ಈ ಸಲ ಹೆಚ್ಚಾಗಿ ಬಂದಿವೆ. ಜೊತೆಗೆ, ‘ಗಿರಾಕಿ ಬಿದ್ದರೆ ನಾನೇಕೆ ದುಡ್ಡು ಕೊಡಬೇಕು’ ಎಂದು ಕೇಳಿದ ಅಂಗಡಿ ಮಾಲೀಕರ ಪತ್ರವೂ ಇದೆ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಕಳೆದ ತಿಂಗಳು ನಮ್ಮ ಅತ್ತೆ (63 ವರ್ಷ) ಇಲ್ಲಿನ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಹಾಲು, ಮೊಸರು ಇಡುವ ಫ್ರಿಜ್‌ ಮುಂದೆ ಕಾಲು ಜಾರಿ ಬಿದ್ದರು. ನೆಲದ ಮೇಲೆ ನೀರಿತ್ತು. ಸೊಂಟದ ಹತ್ತಿರ ತೊಡೆಮೂಳೆ ಮುರಿದು ಆಪರೇಷನ್ ಆಯಿತು, 2.4 ಲಕ್ಷ ಖರ್ಚಾಗಿದೆ. ಆ ದಿನ ಮ್ಯಾನೇಜರ್ 5,000 ರೂಪಾಯಿ ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಈಗ ಹೋಗಿ ಕೇಳಿದರೆ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೋಡಿಕೊಂಡು ನಡೆಯಬೇಕಿತ್ತು’ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನೆಲ ನಿಜಕ್ಕೂ ಡೊಂಕಾಗಿತ್ತೇ ಎನ್ನುವುದೇ ಇಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ. ಅಂಗಡಿಯೊಳಗೆ ಬಿದ್ದ ಮಾತ್ರಕ್ಕೆ ಅಂಗಡಿಯವರು ಹೊಣೆಯಾಗುವುದಿಲ್ಲ. ‘ನೋಡಿಕೊಂಡು ನಡೆಯಬೇಕಿತ್ತು’ ಎಂದ ಮಾತ್ರಕ್ಕೆ ಅವರು ಹೊಣೆಯಿಂದ ಪಾರಾಗುವುದೂ ಇಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ 1957ರ ಕಾಯ್ದೆ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ನ್ಯಾಯಾಲಯಗಳು ನಿರ್ಲಕ್ಷ್ಯದ ಸಾಮಾನ್ಯ ತತ್ವಗಳ ಮೇಲೆ ತೀರ್ಮಾನಿಸುತ್ತವೆ. ಅವುಗಳ ಬೇರು ಇಂಗ್ಲೆಂಡಿನ 1866ರ ‘ಇಂಡರ್‌ಮಾರ್ ವಿರುದ್ಧ ಡೇಮ್ಸ್’ ತೀರ್ಪಿನಲ್ಲಿದೆ: ವ್ಯವಹಾರಕ್ಕೆಂದು ಕರೆಸಿಕೊಂಡವರಿಗೆ, ಜಾಗವನ್ನು ತನ್ನ ಹಿಡಿತದಲ್ಲಿಟ್ಟುಕೊಂಡವನು ತನಗೆ ಗೊತ್ತಿರುವ ಅಥವಾ ಗೊತ್ತಿರಬೇಕಾದ ಅಪಾಯದಿಂದ ಪೆಟ್ಟಾಗದಂತೆ ತಕ್ಕ ಎಚ್ಚರ ವಹಿಸಬೇಕು. ‘ಗೊತ್ತಿರಬೇಕಾದ’ ಎಂಬ ಮಾತಿನ ಮೇಲೆಯೇ ಇಂಥ ಮುಕ್ಕಾಲು ಪಾಲು ಮೊಕದ್ದಮೆಗಳು ನಿಂತಿರುತ್ತವೆ.

ನಿಮ್ಮ ಅತ್ತೆಯವರ ವಿಷಯಕ್ಕೆ ಬರೋಣ. ಆ ನೀರು ಎಲ್ಲಿಂದ ಬಂತು? ಇನ್ನೊಬ್ಬ ಗಿರಾಕಿಯ ಬಾಟಲಿ ಎರಡು ನಿಮಿಷದ ಹಿಂದೆ ಒಡೆದು ಚೆಲ್ಲಿದ್ದರೆ ಅಂಗಡಿಯವರಿಗೆ ನಿಜವಾಗಿಯೂ ಒಂದು ಸಮಜಾಯಿಷಿ ಇದೆ. ಅದನ್ನು ನೋಡಿ ಒರೆಸಲು ಸಮಯವೇ ಇರಲಿಲ್ಲ. ಆದರೆ ಫ್ರಿಜ್‌ನಿಂದ ಇಳಿಯುವ ನೀರಿನ ಕತೆ ಬೇರೆ. ತಂಪುಪೆಟ್ಟಿಗೆಯಲ್ಲಿ ಕಟ್ಟಿದ ಹಿಮ ಕರಗಿದಾಗ ಆ ನೀರು ತಳದ ಸಣ್ಣ ಪೈಪಿನಲ್ಲಿ ಹರಿದುಹೋಗಬೇಕು. ಧೂಳು, ಹಾಲಿನ ಜಿಡ್ಡು, ಪ್ಯಾಕೆಟ್ಟಿನ ಚೂರು ಸೇರಿ ಪೈಪು ಕಟ್ಟಿಕೊಂಡರೆ ನೀರು ಮುಂದಕ್ಕೆ ಹರಿಯುತ್ತದೆ. ಇದು ಒಂದು ನಿಮಿಷದಲ್ಲಿ ಆಗುವಂಥದ್ದಲ್ಲ. ದಿನಗಟ್ಟಲೆ ಜಿನುಗುತ್ತಿರುತ್ತದೆ. ಅಲ್ಲಿ ಹಳೆಯ ರಟ್ಟು, ಗೋಣಿಚೀಲ ಹಾಸಿದ್ದರೆ ಅದು ಅಂಗಡಿಯವರಿಗೆ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿಯೇ ಬೇಡ. ಫ್ರಿಜ್ ರಿಪೇರಿಯವನನ್ನು ಕರೆಸಿದ ದಾಖಲೆಯನ್ನು ನ್ಯಾಯಾಲಯದ ಮೂಲಕ ತರಿಸಬಹುದು.

ಬಿದ್ದವರು ನೆಲದ ಮೇಲಿದ್ದದ್ದು ಏನು, ಎಷ್ಟು ಹೊತ್ತಿನಿಂದ ಇತ್ತು ಎಂದು ಹೇಳಲಾಗದಿದ್ದರೆ? ಇಂಗ್ಲೆಂಡಿನ 1976ರ ‘ವಾರ್ಡ್ ವಿರುದ್ಧ ಟೆಸ್ಕೊ’ ಪ್ರಕರಣದಲ್ಲಿ ಮಹಿಳೆಯೊಬ್ಬರು ಸೂಪರ್‌ಮಾರ್ಕೆಟ್‌ನಲ್ಲಿ ಚೆಲ್ಲಿದ ಮೊಸರಿನ ಮೇಲೆ ಜಾರಿದ್ದರು. ಅದು ಎಷ್ಟು ಹೊತ್ತಿನಿಂದ ಬಿದ್ದಿತ್ತು ಎಂಬುದಕ್ಕೆ ಪುರಾವೆ ಇರಲಿಲ್ಲ. ನೆಲ ಅಂಗಡಿಯವರ ಹಿಡಿತದಲ್ಲಿದೆ, ಎಚ್ಚರ ವಹಿಸಿದ್ದರೆ ಸಾಮಾನ್ಯವಾಗಿ ಹೀಗಾಗದು, ಆದ್ದರಿಂದ ವಿವರಣೆ ಕೊಡಬೇಕಾದವರು ಅವರೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ವಿದೇಶಿ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ವಾದಕ್ಕೆ ಬಲ ಕೊಡುತ್ತದೆ ಅಷ್ಟೆ. ಆದರೆ ‘ಘಟನೆಯೇ ಮಾತಾಡುತ್ತದೆ’ ಎಂಬ ಈ ತತ್ವವನ್ನು ನಮ್ಮ ಸುಪ್ರೀಂ ಕೋರ್ಟ್ ಅದಕ್ಕೂ ಹತ್ತು ವರ್ಷ ಮೊದಲೇ, 1966ರಲ್ಲಿ, ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ (ದೆಹಲಿ ಮಹಾನಗರ ಪಾಲಿಕೆ ವಿರುದ್ಧ ಸುಭಾಗವಂತಿ) ಅನ್ವಯಿಸಿತ್ತು. ಆ ಗೋಪುರ ಪಾಲಿಕೆಯ ಹಿಡಿತದಲ್ಲೇ ಇತ್ತು. ಹಾಗಾಗಿ ಹೊರಗಿನಿಂದ ನೋಡಿದರೆ ದೋಷ ಕಾಣುತ್ತಿರಲಿಲ್ಲ ಎಂಬ ನೆಪ ನಡೆಯಲಿಲ್ಲ.

ವಯಸ್ಸಾದವರ ಮೂಳೆ ಮೊದಲೇ ಸವೆದಿತ್ತು, ಅದಕ್ಕೇ ಮುರಿಯಿತು ಎಂಬ ವಾದ ಖಂಡಿತ ಬರುತ್ತದೆ. ಹೆದರಬೇಡಿ. ಪೆಟ್ಟು ತಿಂದವರು ಹೇಗಿದ್ದರೋ ಹಾಗೆಯೇ ಅವರನ್ನು ಹೊಣೆಗಾರರು ಸ್ವೀಕರಿಸಬೇಕು ಎನ್ನುವುದು ಹಳೆಯ ನಿಯಮ. ಗಟ್ಟಿ ಮೂಳೆಯವರಷ್ಟೇ ಅಂಗಡಿಗೆ ಬರಬೇಕೆಂದು ಬೋರ್ಡು ಹಾಕಿರುವುದಿಲ್ಲವಲ್ಲ.

ಇನ್ನು ಆ 5,000 ರೂಪಾಯಿಯ ಕಾಗದ. ಅದರ ಪ್ರತಿಯನ್ನು ಲಿಖಿತವಾಗಿ ಕೇಳಿ. ‘ಪ್ರಥಮ ಚಿಕಿತ್ಸೆಗೆ ಪಡೆದಿದ್ದೇನೆ’ ಎಂದಷ್ಟೇ ಇದ್ದರೆ ಅದು ಬರೀ ರಸೀದಿ. ಅದರಿಂದ ಹಕ್ಕು ಹೋಗುವುದಿಲ್ಲ. ‘ಇನ್ನು ಯಾವ ತಕರಾರೂ ಇಲ್ಲ, ಪೂರ್ತಿ ಇತ್ಯರ್ಥ’ ಎಂದಿದ್ದರೆ ಕೆಲಸ ಸ್ವಲ್ಪ ಕಷ್ಟ. ಆದರೂ ಮೂಳೆ ಮುರಿದ ನೋವಿನಲ್ಲಿ, ಎಕ್ಸ್‌ರೇ ಕೂಡ ಆಗದ ಹೊತ್ತಿನಲ್ಲಿ, ಓದಿ ಹೇಳದೆ ಪಡೆದ ಸಹಿ ಮುಕ್ತ ಸಮ್ಮತಿಯಲ್ಲ ಎಂದು ಕರಾರು ಕಾಯ್ದೆಯ 14ರಿಂದ 19ನೇ ಕಲಮುಗಳಡಿ ವಾದಿಸಬಹುದು. ತಡಮಾಡದೆ ವಕೀಲರ ಮೂಲಕ ನೋಟಿಸು ಕೊಟ್ಟು, ಆ ಸಹಿಯನ್ನು ಒಪ್ಪುವುದಿಲ್ಲವೆಂದು ಬರೆಯಿರಿ. ಆರು ತಿಂಗಳು ಸುಮ್ಮನಿದ್ದು ಆಮೇಲೆ ‘ಬಲವಂತ’ ಎಂದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಬಿದ್ದು ಮಂಡಿಗೆ ಪೆಟ್ಟಾಗಿ ಹನ್ನೆರಡು ದಿನವಾಯಿತು. ಸಿಸಿಟಿವಿ ವಿಡಿಯೊ ಕೇಳಿದರೆ ‘ಪೊಲೀಸರಿಗೆ ಮಾತ್ರ ಕೊಡುತ್ತೇವೆ’ ಅಂದರು. ನನ್ನ ಹತ್ತಿರ ಆಸ್ಪತ್ರೆಯ ಕಾಗದ ಬಿಟ್ಟರೆ ಏನೂ ಇಲ್ಲ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಈ ಪತ್ರಿಕೆ ಮಡಚಿಟ್ಟು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಬಹಳಷ್ಟು ಅಂಗಡಿಗಳ ಡಿವಿಆರ್‌ನಲ್ಲಿ (ಕ್ಯಾಮೆರಾದ ದೃಶ್ಯ ಉಳಿಸಿಡುವ ಪೆಟ್ಟಿಗೆ) ಜಾಗ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಹದಿನೈದು ದಿನಕ್ಕೇ ಅಳಿಸಿಹೋಗುವುದೂ ಉಂಟು. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆಯ ಪ್ರಕಾರ ಹೆಚ್ಚು ಜನ ಸೇರುವ ಸಂಸ್ಥೆಗಳು ದೃಶ್ಯವನ್ನು 30 ದಿನ ಇಟ್ಟುಕೊಳ್ಳಬೇಕು. ನಿಮಗೆ ಉಳಿದಿರುವುದು ಹೆಚ್ಚೆಂದರೆ 18 ದಿನ.

ಅಂಗಡಿಗೂ ಅದರ ಮುಖ್ಯ ಕಚೇರಿಗೂ ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್ ಕಳಿಸಿ, ಅದನ್ನೇ ಇಮೇಲ್ ಕೂಡ ಮಾಡಿ. ದಿನಾಂಕ, ಸಮಯ, ಮಹಡಿ, ಯಾವ ಕೌಂಟರ್ ಹತ್ತಿರ ಎಂಬುದನ್ನು ಬರೆದು, ‘ಬೀಳುವ ಮೊದಲಿನ ಎರಡು ಗಂಟೆ ಮತ್ತು ನಂತರದ ಒಂದು ಗಂಟೆಯ ದೃಶ್ಯ ಅಳಿಸದೆ ಕಾಯ್ದಿಡಬೇಕು’ ಎಂದು ಕೇಳಿ. ಎಲ್ಲರೂ ಬಿದ್ದ ಕ್ಷಣದ ವಿಡಿಯೊ ಕೇಳುತ್ತಾರೆ. ನೀವು ಬಿದ್ದಿರಿ ಎನ್ನುವುದನ್ನು ಅಂಗಡಿಯವರೂ ಅಲ್ಲಗಳೆಯುವುದಿಲ್ಲ. ಬೇಕಾದದ್ದು ಅದರ ಹಿಂದಿನ ಹೊತ್ತು: ಯಾವಾಗ ಚೆಲ್ಲಿತು, ಯಾವ ಸಿಬ್ಬಂದಿ ನೋಡಿಯೂ ದಾಟಿಹೋದರು, ಒರೆಸುವವರು ಎಷ್ಟು ಗಂಟೆಗೆ ಬಂದಿದ್ದರು. ನೋಟಿಸು ತಲುಪಿದ ಮೇಲೂ ವಿಡಿಯೊ ‘ಅಳಿಸಿಹೋಯಿತು’ ಎಂದರೆ, ಕೈಯಲ್ಲಿದ್ದ ಸಾಕ್ಷ್ಯವನ್ನು ತಡೆಹಿಡಿದರೆ ಅದು ಅವರಿಗೆ ಪ್ರತಿಕೂಲವಾಗಿತ್ತು ಎಂದು ನ್ಯಾಯಾಲಯ ಊಹಿಸಬಹುದು (ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಂ). ನೋಟಿಸೇ ಕೊಡದಿದ್ದರೆ ಆ ಊಹೆಗೆ ಆಸರೆ ಇರುವುದಿಲ್ಲ.

ಆಸ್ಪತ್ರೆಯ ಕಾಗದವನ್ನು ಈಗಲೇ ತೆಗೆದು ಓದಿ. ಕೇಸು ಕೆಡುವುದು ಹೆಚ್ಚಾಗಿ ಅಲ್ಲೇ. ಕ್ಯಾಷುಯಲ್ಟಿಯಲ್ಲಿ ಡ್ಯೂಟಿ ಡಾಕ್ಟರು ಅವಸರದಲ್ಲಿ ‘ಸೆಲ್ಫ್ ಫಾಲ್’ (ತಾನಾಗಿಯೇ ಬಿದ್ದದ್ದು) ಅಥವಾ ‘ಮನೆಯಲ್ಲಿ ಜಾರಿ ಬಿದ್ದದ್ದು’ ಎಂದು ಬರೆದಿರುತ್ತಾರೆ. ಜೊತೆಗೆ ಬಂದವರು ‘ಪೊಲೀಸ್ ಕಿರಿಕಿರಿ ಬೇಡ’ ಎಂದು ತಾವೇ ಹಾಗೆ ಹೇಳಿಸುವುದೂ ಉಂಟು. ಎರಡು ವರ್ಷದ ನಂತರ ಪಾಟಿ ಸವಾಲಿನಲ್ಲಿ ಎದುರು ವಕೀಲರು ಮೊದಲು ಹಿಡಿಯುವುದು ಆ ಒಂದು ಸಾಲನ್ನೇ. ತಪ್ಪಾಗಿ ಬರೆದಿದ್ದರೆ ಈಗಲೇ ವೈದ್ಯಾಧಿಕಾರಿಗೆ ಲಿಖಿತ ಮನವಿ ಕೊಡಿ. ಮೂಲ ದಾಖಲೆಯ ಮೇಲೆ ತಿದ್ದಿಸಬೇಡಿ, ಅದು ಇನ್ನೂ ದೊಡ್ಡ ಅನುಮಾನ ಹುಟ್ಟಿಸುತ್ತದೆ. ನಿಮ್ಮ ಮನವಿಗೆ ಸ್ವೀಕೃತಿ ಪಡೆದು ಇಟ್ಟುಕೊಂಡರೆ ಸಾಕು.

ಆ ದಿನದ ಬಿಲ್ಲು ಕಳೆದಿದ್ದರೆ ಯುಪಿಐ ಅಥವಾ ಕಾರ್ಡಿನ ವಿವರದಲ್ಲಿ ಸಮಯ ಸಹಿತ ಸಿಗುತ್ತದೆ. ಅಂದು ಹಾಕಿದ್ದ ಚಪ್ಪಲಿಯನ್ನು ತೊಳೆಯದೆ, ಬಳಸದೆ ಕವರಿನಲ್ಲಿಡಿ. ಸವೆದ ಚಪ್ಪಲಿ ಹಾಕಿದ್ದಿರಿ ಎಂಬ ಆರೋಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವಿಲ್ಲ. ನಿಜಕ್ಕೂ ಅಟ್ಟೆ ಸವೆದಿದ್ದರೆ ನಿಮ್ಮ ವಕೀಲರಿಗೆ ಮೊದಲೇ ಹೇಳಿ. ಎತ್ತಿ ಕೂರಿಸಿದವರ, ನೀರು ಕೊಟ್ಟವರ ಫೋನ್ ನಂಬರ್ ಹುಡುಕಿ. ನಿಮ್ಮ ಮೊಬೈಲಿನಲ್ಲಿ ಫೋಟೊ ಇದ್ದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿಯನ್ನಲ್ಲ, ಮೂಲ ಕಡತವನ್ನು ಉಳಿಸಿ. ನ್ಯಾಯಾಲಯಕ್ಕೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಡಿಜಿಟಲ್ ದಾಖಲೆಗೆ ಲಗತ್ತಿಸುವಂಥದ್ದು) ಬೇಕಾಗುತ್ತದೆ.

ಪ್ರಶ್ನೆ: ಅಂಗಡಿಗೆ ಹೋಗಿದ್ದೆ, ಆದರೆ ಏನೂ ಕೊಂಡಿರಲಿಲ್ಲ. ಬಾಗಿಲ ಬಳಿಯೇ ಬಿದ್ದೆ. ಗ್ರಾಹಕರ ಆಯೋಗಕ್ಕೆ ಹೋಗಬಹುದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಷ್ಟ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಗ್ರಾಹಕ’ ಎಂದರೆ ಹಣ ಕೊಟ್ಟು ಅಥವಾ ಕೊಡುವುದಾಗಿ ಒಪ್ಪಿ ಸರಕು, ಸೇವೆ ಪಡೆದವರು. ಅವರ ಒಪ್ಪಿಗೆಯಿಂದ ಅದನ್ನು ಬಳಸುವವರೂ ಸೇರುತ್ತಾರೆ. ಬರೀ ನೋಡಲು ಬಂದವರು ಆ ವ್ಯಾಖ್ಯೆಯೊಳಗೆ ಸುಲಭವಾಗಿ ಕೂರುವುದಿಲ್ಲ. ನಿಮ್ಮ ಪ್ರಕರಣಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರದ ದಾವೆಯೇ ಸರಿಯಾದ ದಾರಿ. ಅಲ್ಲಿ ನೀವು ಕೊಂಡಿರಾ ಬಿಟ್ಟಿರಾ ಎಂಬುದು ಮುಖ್ಯವಲ್ಲ. ವ್ಯಾಪಾರಕ್ಕೆಂದು ಬಾಗಿಲು ತೆರೆದಿಟ್ಟ ಮೇಲೆ ಒಳಗೆ ಬಂದವರೆಲ್ಲ ಕರೆಸಿಕೊಂಡವರೇ. ಕಾಲಮಿತಿ ಕಾಯ್ದೆಯ 113ನೇ ಅನುಚ್ಛೇದದಂತೆ ಮೂರು ವರ್ಷದ ಅವಧಿ ಇದೆ. ಆದರೆ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟು ಶುಲ್ಕ ಕಟ್ಟಬೇಕು, ವರ್ಷಗಳು ಹಿಡಿಯುತ್ತವೆ.

ಬಿಲ್ಲು ಇರುವವರಿಗೆ ಆಯೋಗ ಅಗ್ಗದ ದಾರಿ. ಅವಧಿ ಎರಡು ವರ್ಷ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಮಾಲ್‌ನಲ್ಲಿ ಬಿದ್ದು ಶಿವಮೊಗ್ಗಕ್ಕೆ ವಾಪಸಾದವರಿಗೆ ಇದು ದೊಡ್ಡ ಅನುಕೂಲ. ಯಾವ ಆಯೋಗ ಎಂಬುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಹಣದ ಮೇಲೆ ನಿರ್ಧಾರವಾಗುತ್ತದೆ. ಕೊಟ್ಟದ್ದು 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 800 ರೂಪಾಯಿಯ ದಿನಸಿ ಬಿಲ್ಲಿಗೆ ಆಯೋಗದಲ್ಲಿ ಶುಲ್ಕ ಸೊನ್ನೆ. ಎದುರು ಪಕ್ಷಕ್ಕೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಅದಕ್ಕೂ ಮೀರಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತಪಡಿಸಿದೆ.

ಒಂದು ಎಚ್ಚರಿಕೆ. ಆಯೋಗದ ವಿಚಾರಣೆ ಸಂಕ್ಷಿಪ್ತ, ಹೆಚ್ಚಾಗಿ ಅಫಿಡವಿಟ್‌ಗಳ ಮೇಲೆ ನಡೆಯುತ್ತದೆ. ಹತ್ತು ಸಾಕ್ಷಿಗಳನ್ನು ಪಾಟಿ ಸವಾಲಿಗೆ ಒಳಪಡಿಸಬೇಕಾದಂಥ ಗೊಂದಲದ ಕೇಸಾದರೆ ‘ಸಿವಿಲ್ ಕೋರ್ಟಿಗೆ ಹೋಗಿ’ ಎಂದು ಕಳಿಸಿಬಿಡುವ ಸಾಧ್ಯತೆ ಇದೆ. ವಿಡಿಯೊ, ಬಿಲ್ಲು, ಆಸ್ಪತ್ರೆ ದಾಖಲೆ ಮೂರೂ ಕೈಯಲ್ಲಿದ್ದರೆ ಆಯೋಗ. ಇಲ್ಲವಾದರೆ ಯೋಚಿಸಿ.

ಪ್ರಶ್ನೆ: ನಾನು ಹೊಲಿಗೆ ಕೆಲಸದವಳು, 42 ವರ್ಷ. ಅಂಗಡಿಯೊಂದರ ಮೆಟ್ಟಿಲ ಮೇಲೆ ಬಿದ್ದು ಬಲ ಮಣಿಕಟ್ಟು ಮುರಿಯಿತು. ಫೋನಿನಲ್ಲಿ ಮಾತಾಡುತ್ತಾ ಇಳಿಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಕೊನೆಯ ಮೆಟ್ಟಿಲು ಉಳಿದವುಗಳಿಗಿಂತ ಗಿಡ್ಡ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಎಷ್ಟು ಪರಿಹಾರ ಸಿಗಬಹುದು?
— ಓದುಗರೊಬ್ಬರು, ತುಮಕೂರು

ಉತ್ತರ: ಸುಳ್ಳು ಹೇಳದಿರುವುದು ಒಳ್ಳೆಯದೇ, ಯಾಕೆಂದರೆ ವಿಡಿಯೊ ಹೇಳುತ್ತದೆ. ನಿಮ್ಮ ಅಜಾಗರೂಕತೆ ಕೇಸನ್ನು ಸಾಯಿಸುವುದಿಲ್ಲ, ಮೊತ್ತವನ್ನು ಕಡಿಮೆ ಮಾಡುತ್ತದೆ. ಇಬ್ಬರ ತಪ್ಪಿನ ಪಾಲನ್ನು ನ್ಯಾಯಾಲಯ ಶೇಕಡಾವಾರು ಹಂಚುತ್ತದೆ.

ಮೆಟ್ಟಿಲ ವಿಷಯದಲ್ಲಿ ನಿಮ್ಮ ಕಡೆ ಬಲವಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ವಾಣಿಜ್ಯ ಕಟ್ಟಡಗಳಿಗೆ ಹೇಳುವುದು ಕನಿಷ್ಠ 300 ಮಿ.ಮೀ. ಅಗಲದ ಮೆಟ್ಟಿಲು, ಗರಿಷ್ಠ 150 ಮಿ.ಮೀ. ಎತ್ತರ. ಅಳತೆ ಮೀರಿದ್ದಕ್ಕಿಂತ ಅಳತೆ ಏರುಪೇರಾಗಿರುವುದು ಹೆಚ್ಚು ಅಪಾಯಕಾರಿ. ಎರಡು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಲಿಗೆ ಲೆಕ್ಕ ಕೂತಿರುತ್ತದೆ. ಕೊನೆಯದು ಒಂದಿಂಚು ಬದಲಾದರೂ ಲೆಕ್ಕ ತಪ್ಪುತ್ತದೆ. ನೆಲಕ್ಕೆ ಹಳೆಯ ಟೈಲ್ಸ್ ಮೇಲೇ ಹೊಸ ಟೈಲ್ಸ್ ಹಾಕಿಸಿದ ಕಡೆಯೆಲ್ಲ ಕೊನೆಯ ಮೆಟ್ಟಿಲು ಹೀಗೆ ಗಿಡ್ಡವಾಗುತ್ತದೆ. ಟೇಪು ಹಿಡಿದು ಪ್ರತಿ ಮೆಟ್ಟಿಲ ಎತ್ತರದ ಫೋಟೊ ತೆಗೆಸಿ. ಅಂಗಡಿಯವರು ಒಪ್ಪದಿದ್ದರೆ ದಾವೆಯಲ್ಲಿ ಕೋರ್ಟ್ ಕಮಿಷನರ್ (ಸ್ಥಳ ನೋಡಿ ನ್ಯಾಯಾಲಯಕ್ಕೆ ವರದಿ ಕೊಡುವವರು) ನೇಮಕ ಕೇಳಿ.

ಮೊತ್ತದ ಲೆಕ್ಕಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ವಾಹನ ಅಪಘಾತದ ತೀರ್ಪುಗಳ ಪದ್ಧತಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತವೆ. ಚಿಕಿತ್ಸೆ, ಓಡಾಟ, ಪೌಷ್ಟಿಕ ಆಹಾರ, ಆರೈಕೆಗೆ ಇದ್ದವರ ಖರ್ಚು, ಕೆಲಸ ನಿಂತ ತಿಂಗಳುಗಳ ಆದಾಯ, ನೋವು ಇವೆಲ್ಲ ಬೇರೆ ಬೇರೆ ತಲೆಬರಹಗಳು. ದೊಡ್ಡದು ಮುಂದಿನ ಆದಾಯದ ನಷ್ಟ. ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009) ತೀರ್ಪಿನ ಪಟ್ಟಿಯಲ್ಲಿ 41ರಿಂದ 45 ವಯಸ್ಸಿಗೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 14.

ವೈದ್ಯರು ‘ಬಲಗೈಗೆ ಶೇ 30 ಊನ’ ಎಂದು ಬರೆದರೆ ಅದು ಕೈಗೆ ಮಾತ್ರ. ಇಡೀ ದೇಹಕ್ಕೆ ಎಂದಾಗ ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗ, ಅಂದರೆ ಶೇ 10 ಹಿಡಿಯುತ್ತಾರೆ. ನೀವು ಹೋರಾಡಬೇಕಾದದ್ದು ಇಲ್ಲಿ. ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ (2011) ತೀರ್ಪಿನ ಪ್ರಕಾರ ನೋಡಬೇಕಾದದ್ದು ದೇಹದ ಊನವನ್ನಷ್ಟೇ ಅಲ್ಲ, ಆ ಊನ ಆ ವ್ಯಕ್ತಿಯ ದುಡಿಮೆಯನ್ನು ಎಷ್ಟು ಕುಗ್ಗಿಸಿತು ಎಂಬುದನ್ನು. ಮಣಿಕಟ್ಟು ತಿರುಗದಿದ್ದರೆ ಬ್ಯಾಂಕಿನ ಕ್ಲರ್ಕ್ ಹೇಗೋ ನಿಭಾಯಿಸಬಹುದು. ಕತ್ತರಿ ಹಿಡಿದು ಬಟ್ಟೆ ಕತ್ತರಿಸುವವರಿಗೆ ಆಗುವುದಿಲ್ಲ. ತಿಂಗಳಿಗೆ 18,000 ದುಡಿಯುತ್ತಿದ್ದಿರಿ, ದುಡಿಮೆಯ ನಷ್ಟ ಶೇ 20 ಎಂದು ನ್ಯಾಯಾಲಯ ಒಪ್ಪಿತು ಎಂದುಕೊಳ್ಳಿ: 18,000 × 12 × 14 × ಶೇ 20 = 6,04,800 ರೂಪಾಯಿ. ಶೇ 10 ಎಂದರೆ ಇದರಲ್ಲಿ ಅರ್ಧ. ಫೋನಿನ ಕಾರಣಕ್ಕೆ ನಿಮ್ಮ ತಪ್ಪು ನಾಲ್ಕನೇ ಒಂದು ಪಾಲು ಎಂದರೆ 6,04,800ರಲ್ಲಿ ಉಳಿಯುವುದು 4,53,600. ಉಳಿದ ತಲೆಬರಹಗಳಿಗೂ ಅದೇ ಕಡಿತ.

ಆದಾಯಕ್ಕೆ ದಾಖಲೆ ಇಲ್ಲವೆಂದು ಕೈಚೆಲ್ಲಬೇಡಿ. ಅಳತೆ ಪುಸ್ತಕ, ಗಿರಾಕಿಗಳ ಯುಪಿಐ ಪಾವತಿ, ಸ್ವಸಹಾಯ ಸಂಘದ ಸಾಲದ ಕಂತು, ಎಲ್ಲವೂ ಆಗುತ್ತದೆ. ಮನೆಗೆಲಸ ಮಾತ್ರ ಮಾಡುವ ಗೃಹಿಣಿಯರ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಕೀರ್ತಿ ಪ್ರಕರಣದಲ್ಲಿ ಒತ್ತಿ ಹೇಳಿದೆ. ‘ಅವರಿಗೆ ಸಂಬಳವೇ ಇಲ್ಲವಲ್ಲ’ ಎಂಬ ವಾದ ಈಗ ನಡೆಯುವುದಿಲ್ಲ.

ಪ್ರಶ್ನೆ: ನನ್ನದು ದಿನಸಿ ಮತ್ತು ಎಣ್ಣೆ ಅಂಗಡಿ, ಬಾಡಿಗೆ ಮಳಿಗೆ. ಮಳೆಗಾಲದಲ್ಲಿ ಇಬ್ಬರು ಗಿರಾಕಿಗಳು ಜಾರಿದರು. ಹಳದಿ ‘ವೆಟ್ ಫ್ಲೋರ್’ ಬೋರ್ಡು ಇಟ್ಟಿದ್ದೆ. ‘ಬಿದ್ದು ಪೆಟ್ಟಾದರೆ ಮಾಲೀಕರು ಜವಾಬ್ದಾರರಲ್ಲ’ ಎಂದು ಗೋಡೆಗೂ ಬರೆಸಿದ್ದೇನೆ. ಇನ್ನೂ ನನ್ನ ಮೇಲೆ ಹೊಣೆ ಬರುತ್ತದೆಯೆ? ಮಳಿಗೆ ಮಾಲೀಕರಿಗೆ, ಕಸ ಗುಡಿಸುವ ಏಜೆನ್ಸಿಗೆ ಪಾಲಿಲ್ಲವೆ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗೋಡೆಯ ಬರಹಕ್ಕೆ ಕೊಟ್ಟ ಪೇಂಟರ್ ಕೂಲಿ ನಷ್ಟ. ತನ್ನ ನಿರ್ಲಕ್ಷ್ಯದ ಹೊಣೆಯನ್ನು ಏಕಪಕ್ಷೀಯ ಬೋರ್ಡಿನಿಂದ ತೊಳೆದುಕೊಳ್ಳಲು ಆಗುವುದಿಲ್ಲ. ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ (2019) ಪಾರ್ಕಿಂಗ್ ಚೀಟಿಯ ಮೇಲೆ ‘ವಾಹನ ಮಾಲೀಕರದೇ ಜವಾಬ್ದಾರಿ’ ಎಂದು ಅಚ್ಚು ಹಾಕಿದ್ದರೂ, ಹೋಟೆಲಿನ ಸಿಬ್ಬಂದಿಗೆ ಒಪ್ಪಿಸಿದ್ದ ಕಾರು ಕಳುವಾದದ್ದಕ್ಕೆ ಹೋಟೆಲೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹಳದಿ ಬೋರ್ಡು ಬೇರೆ. ಅದು ಎಚ್ಚರಿಕೆ, ಅದಕ್ಕೆ ಬೆಲೆ ಇದೆ. ಆದರೆ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಜಾಗದಲ್ಲಿ ನಿಂತಿರುವ ಬೋರ್ಡನ್ನು ಯಾರೂ ನೋಡುವುದಿಲ್ಲ. ಒದ್ದೆ ಜಾಗಕ್ಕೂ ಬೋರ್ಡಿಗೂ ಮಧ್ಯೆ ಹತ್ತು ಅಡಿ ಅಂತರವಿದ್ದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ: ಒದ್ದೆ ಇದೆಯೆಂದು ಗೊತ್ತಿತ್ತು, ಆದರೂ ಒರೆಸಲಿಲ್ಲ ಎಂದಾಗುತ್ತದೆ.

ಮೊದಲು ನೆಲ ನೋಡಿ. ಎಣ್ಣೆ ಚೆಲ್ಲಿದಾಗ ನೇರವಾಗಿ ನೀರು ಹಾಕಿ ಒರೆಸುವವರೇ ಹೆಚ್ಚು. ಅದರಿಂದ ಎಣ್ಣೆ ತೆಳ್ಳಗಿನ ಪದರವಾಗಿ ಇನ್ನಷ್ಟು ದೂರ ಹರಡುತ್ತದೆ. ಮೊದಲು ಒಬ್ಬರು ಅಲ್ಲೇ ಅಡ್ಡ ನಿಲ್ಲಬೇಕು, ಇನ್ನೊಬ್ಬರು ಮರದ ಹೊಟ್ಟು ಅಥವಾ ಹಳೆಯ ಪೇಪರ್ ತಂದು ಎಣ್ಣೆ ಹೀರಿಸಬೇಕು, ಗುಡಿಸಿ ತೆಗೆದ ಮೇಲೆ ಸೋಪುನೀರು, ಕೊನೆಗೆ ಬರೀ ನೀರು, ಆಮೇಲೆ ಒಣಬಟ್ಟೆ. ಸೋಪು ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಎಂಬುದು ತಪ್ಪು. ಉಳಿದ ಸೋಪು ಒಣಗಿ ಪೊರೆಯಾಗಿ ಕೂರುತ್ತದೆ, ಮಳೆಯ ಚಪ್ಪಲಿ ತಾಗಿದೊಡನೆ ಮತ್ತೆ ಜಾರುತ್ತದೆ. ಬಾಟಲಿಯ ಮೇಲೆ ಬರೆದ ಅಳತೆ ಸಾಕು.

ಬಾಗಿಲ ಬಳಿಯ ಮ್ಯಾಟು ಎರಡೂ ಕಾಲು ಎರಡೆರಡು ಸಲ ಊರುವಷ್ಟು, ಅಂದರೆ ಎಂಟು ಅಡಿಯಾದರೂ ಉದ್ದ ಇರಲಿ. ಅಂಚು ಮೇಲೆದ್ದ ಮ್ಯಾಟು ಮಾತ್ರ ಬೇಡ, ಜಾರುವವರನ್ನು ಉಳಿಸಲು ಹೋಗಿ ಎಡವುವವರನ್ನು ಬೀಳಿಸುತ್ತದೆ. ಕೊಡೆಗೆ ಬಾಗಿಲಲ್ಲೇ ಒಂದು ಬಕೆಟ್ ಇಡಿ. ಮಿರಮಿರ ಮಿಂಚುವ ಗ್ರಾನೈಟ್ ಹೊಸ್ತಿಲು ಹಾಕಿಸಿದ್ದರೆ ಅದರ ಮೇಲೆ ಒರಟು ಪಟ್ಟಿ ಅಂಟಿಸಿ. ಹೊಸದಾಗಿ ಟೈಲ್ಸ್ ಹಾಕಿಸುವಾಗ ಜಾರುವಿಕೆಯ ದರ್ಜೆ ಕೇಳಿ. ಆರ್9 ಎಂಬುದು ಕಡಿಮೆ ಹಿಡಿತದ್ದು, ನೀರು ಬೀಳುವ ಕಡೆಗೆ ಆರ್10 ಅಥವಾ ಅದಕ್ಕೂ ಮೇಲಿನದು ಒಳ್ಳೆಯದು.

ನಂತರ ಪುಸ್ತಕ. ಅರ್ಧ ಗಂಟೆಗೊಮ್ಮೆ ಯಾರು ನೆಲ ನೋಡಿದರು, ಏನು ಕಂಡಿತು, ಏನು ಮಾಡಿದರು ಎಂದು ಸಮಯ ಹಾಕಿ ಸಹಿ ಮಾಡಿಸಿ. ‘ನಾವು ಎಚ್ಚರ ವಹಿಸಿದ್ದೆವು’ ಎಂದು ತೋರಿಸಲು ನಿಮ್ಮ ಹತ್ತಿರ ಇರುವ ಒಂದೇ ಆಯುಧ ಇದು. ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ, ಒಂದೇ ಕೂರಿಕೆಯಲ್ಲಿ ತುಂಬಿದ ಪುಸ್ತಕ ನೋಡಿದೊಡನೆ ಗೊತ್ತಾಗುತ್ತದೆ. ಅದಕ್ಕಿಂತ ಪುಸ್ತಕ ಇಲ್ಲದಿರುವುದೇ ಮೇಲು. ಯಾರಾದರೂ ಬಿದ್ದರೆ, ವಿಡಿಯೊವನ್ನು ನೀವೇ ಪೆನ್‌ಡ್ರೈವ್‌ಗೆ ತೆಗೆದಿಡಿ. ನಿಮ್ಮ ಹುಡುಗ ಐದು ನಿಮಿಷದ ಹಿಂದೆ ಒರೆಸಿದ್ದರೆ ಅದು ನಿಮಗೇ ರಕ್ಷಣೆ.

ಹೊಣೆಯ ಹಂಚಿಕೆಯಲ್ಲಿ ಜಾಗ ಯಾರ ಹೆಸರಿನಲ್ಲಿದೆ ಎನ್ನುವುದಕ್ಕಿಂತ ಯಾರ ಹಿಡಿತದಲ್ಲಿದೆ ಎನ್ನುವುದು ಮುಖ್ಯ. ಅಂಗಡಿಯೊಳಗಿನ ಒದ್ದೆ ನೆಲ ನಿಮ್ಮದು. ಚಾವಣಿ ಸೋರಿ ನೀರು ನಿಂತಿತ್ತು, ರಿಪೇರಿ ಮಾಲೀಕರದೆಂದು ಕರಾರಿನಲ್ಲಿದೆ, ನೀವು ಲಿಖಿತವಾಗಿ ತಿಳಿಸಿದ್ದಿರಿ ಎಂದಾದರೆ ಮಾಲೀಕರಿಗೂ ಪಾಲು ಬರುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದು ಹೇಳದಂತೆಯೇ. ಆದರೂ ಸೋರುತ್ತಿದ್ದ ಕಡೆ ಗಿರಾಕಿಯನ್ನು ಬಿಟ್ಟುಕೊಂಡದ್ದು ನೀವೇ. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿ ದುರಂತದಲ್ಲಿ (1997) ಸುಪ್ರೀಂ ಕೋರ್ಟ್ 2011ರಲ್ಲಿ ಪರಿಹಾರದ ಹೊಣೆಯನ್ನು ಚಿತ್ರಮಂದಿರದ ಪರವಾನಗಿದಾರರಿಗೆ ಶೇ 85, ವಿದ್ಯುತ್ ಮಂಡಳಿಗೆ ಶೇ 15 ಎಂದು ಹಂಚಿತ್ತು. ಪರವಾನಗಿ ಕೊಟ್ಟ ಇಲಾಖೆಗೆ, ಪಾಲಿಕೆಗೆ ಹೊಣೆ ಬರಲಿಲ್ಲ. ಜನರನ್ನು ಒಳಗೆ ಬಿಟ್ಟು ಹಣ ಪಡೆಯುವವರ ಮೇಲೆಯೇ ದೊಡ್ಡ ಭಾರ ಬೀಳುವುದು ಹೀಗೆ.

ಏಜೆನ್ಸಿಯ ಕೆಲಸದವರು ‘ನಮ್ಮ ನೌಕರರಲ್ಲ’ ಎಂಬ ವಾದ ಗಿರಾಕಿಯ ಮುಂದೆ ನಿಲ್ಲುವುದು ಕಷ್ಟ. ಆಸ್ಪತ್ರೆಗೆ ಹೊರಗಿನಿಂದ ಬರುವ ವೈದ್ಯರ ತಪ್ಪಿಗೂ ಆಸ್ಪತ್ರೆಯೇ ಉತ್ತರ ಕೊಡಬೇಕು ಎಂದ ಸವಿತಾ ಗರ್ಗ್ (2004) ತೀರ್ಪಿನ ತರ್ಕವನ್ನು ಇಲ್ಲೂ ಮುಂದಿಡಬಹುದು. ಗಿರಾಕಿಗೆ ಪರಿಹಾರ ಕೊಟ್ಟು, ನೀವು ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಬೇಕು. ಅದಕ್ಕೆ ಕರಾರಿನಲ್ಲಿ ಒಂದು ಸಾಲು ಈಗಲೇ ಸೇರಿಸಿ.

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಪಾಲಿಸಿ ಅಪಾಯಕಾರಿ ರಾಸಾಯನಿಕಗಳನ್ನು ಬಳಸುವವರಿಗೆ. ನಿಮಗೆ ಬೇಕಾದದ್ದು ಅಂಗಡಿಕಾರರ ಪ್ಯಾಕೇಜ್ ಪಾಲಿಸಿಯಲ್ಲಿ ‘ಪಬ್ಲಿಕ್ ಲಯಬಿಲಿಟಿ’ ಎಂಬ ವಿಭಾಗ. ಬೆಂಕಿ, ಕಳವಿಗೆ ಮಾತ್ರ ಕಟ್ಟಿ ಈ ವಿಭಾಗ ಬಿಟ್ಟವರೇ ಬಹಳ. ಪಾಲಿಸಿ ಇದ್ದರೆ ಘಟನೆಯಾದ ಕೂಡಲೇ ಕಂಪನಿಗೆ ತಿಳಿಸಿ. ಅವರನ್ನು ಕೇಳದೆ ‘ತಪ್ಪು ನಮ್ಮದೇ’ ಎಂದು ಬರೆದುಕೊಟ್ಟರೆ ಪಾಲಿಸಿಯ ಷರತ್ತು ಮುರಿದಂತಾಗಬಹುದು. ಹಾಗೆಂದು ಬಿದ್ದವರನ್ನು ಬಿಟ್ಟು ಕಾಗದ ಹುಡುಕಬೇಡಿ. ಕುರ್ಚಿ ಕೊಡುವುದು, ಆಸ್ಪತ್ರೆಗೆ ಸೇರಿಸುವುದು ತಪ್ಪೊಪ್ಪಿಗೆ ಅಲ್ಲ. ಆ ಹೊತ್ತಿನಲ್ಲಿ ಸರಿಯಾಗಿ ನಡೆದುಕೊಂಡ ಅಂಗಡಿಯ ಮೇಲೆ ಕೇಸು ಹಾಕಲು ಜನ ಹಿಂದೇಟು ಹಾಕುತ್ತಾರೆ.

ಪ್ರಶ್ನೆ: ಪೊಲೀಸ್ ದೂರು ಕೊಡಲೇಬೇಕೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಪರಿಹಾರ ಕೇಳಲು ಅದು ಕಡ್ಡಾಯವಲ್ಲ. ಮೂಳೆ ಮುರಿದರೆ ಕಾನೂನಿನಲ್ಲಿ ಅದು ‘ತೀವ್ರ ಗಾಯ’. ಇತರರ ಸುರಕ್ಷತೆಗೆ ಧಕ್ಕೆಯಾಗುವಂಥ ನಿರ್ಲಕ್ಷ್ಯದಿಂದ ಅದಾದರೆ ಭಾರತೀಯ ನ್ಯಾಯ ಸಂಹಿತೆಯ 125(ಬಿ) ಅಡಿ ಮೂರು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಕ್ರಿಮಿನಲ್ ಕೇಸಿಗೆ ಬೇಕಾದ ನಿರ್ಲಕ್ಷ್ಯದ ಮಟ್ಟ ಸಿವಿಲ್‌ಗಿಂತ ಬಹಳ ಮೇಲಿನದು. ಮುಚ್ಚಳವಿಲ್ಲದ ಗುಂಡಿ, ಕೆಟ್ಟ ಲಿಫ್ಟ್ ಬಾಗಿಲು ಇಂಥವಕ್ಕೆ ದೂರು ಕೊಡಿ. ಚೆಲ್ಲಿದ ನೀರಿಗೆ ದೂರು ಕೊಟ್ಟರೆ ಸಿಗುವ ನಿಜವಾದ ಲಾಭ ಎರಡೇ: ದಿನಾಂಕ ಸಹಿತ ದಾಖಲೆ, ಮತ್ತು ಪೊಲೀಸರು ಕೇಳಿದರೆ ಸಿಗುವ ವಿಡಿಯೊ.

ಪ್ರಶ್ನೆ: ಆರು ವರ್ಷದ ಮಗ ಶೋರೂಮಿನಲ್ಲಿ ಓಡಾಡುತ್ತಾ ಗಾಜಿನ ಸ್ಟ್ಯಾಂಡಿಗೆ ಬಡಿದು ಬಿದ್ದ. ‘ಮಗುವನ್ನು ಹಿಡಿದುಕೊಳ್ಳದ್ದು ನಿಮ್ಮ ತಪ್ಪು’ ಎನ್ನುತ್ತಾರೆ.
— ಓದುಗರೊಬ್ಬರು, ಉಡುಪಿ

ಉತ್ತರ: ಮಗುವಿನಿಂದ ದೊಡ್ಡವರ ಎಚ್ಚರವನ್ನು ನಿರೀಕ್ಷಿಸುವಂತಿಲ್ಲ. ತಂದೆತಾಯಿಯ ಅಜಾಗರೂಕತೆಯನ್ನು ಮಗುವಿನ ತಲೆಗೆ ಕಟ್ಟಿ ಅದರ ಪರಿಹಾರ ಕಡಿಮೆ ಮಾಡುವ ಹಳೆಯ ವಾದವನ್ನು ಇಂಗ್ಲೆಂಡಿನ ನ್ಯಾಯಾಲಯಗಳೇ ಬಹಳ ಹಿಂದೆ ಕೈಬಿಟ್ಟಿವೆ. ಮಕ್ಕಳು ಬರುವ ಜಾಗದಲ್ಲಿ, ಮಕ್ಕಳ ಎತ್ತರಕ್ಕೆ, ಚೂಪು ಅಂಚಿನ ಗಾಜು ಇಟ್ಟಿದ್ದರೇ, ಸ್ಟ್ಯಾಂಡು ಭದ್ರವಾಗಿತ್ತೇ ಎನ್ನುವುದು ಪ್ರಶ್ನೆ. ಭದ್ರವಾಗಿದ್ದು ಸುಮ್ಮನೆ ಬಡಿದುಕೊಂಡಿದ್ದರೆ ಕೇಸು ತೆಳು.

ಪ್ರಶ್ನೆ: ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ ನನ್ನ ಹೆಂಡತಿ ತರಕಾರಿ ವಿಭಾಗದಲ್ಲಿ ಜಾರಿ ಬಿದ್ದಳು. ಈಗ ಊರಿಗೆ ಮರಳಿದ್ದೇವೆ. ಇಲ್ಲಿಂದ ಕೇಸು ಹಾಕಬಹುದೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಘಟನೆ ಅಲ್ಲಿಯದು, ಕೇಸೂ ಅಲ್ಲಿಯೇ ಆಗಬೇಕು. ಪ್ರವಾಸಿ ವೀಸಾದಲ್ಲಿದ್ದವರಿಗೂ ಹಕ್ಕಿದೆ. ನ್ಯೂಜೆರ್ಸಿಯಲ್ಲಿ ಅವಧಿ ಎರಡು ವರ್ಷ. ನಿಮಗೆ ಅನುಕೂಲವಾದ ಸಂಗತಿಯೊಂದಿದೆ. ಅಲ್ಲಿನ ಸುಪ್ರೀಂ ಕೋರ್ಟ್ 1966ರಲ್ಲಿ, ನೆಲಕ್ಕೆ ಬಿದ್ದಿದ್ದ ಹುರುಳಿಕಾಯಿಯ ಮೇಲೆ ಜಾರಿದ ಮಹಿಳೆಯ ಪ್ರಕರಣದಲ್ಲಿ (ವೋಲರ್‌ಮನ್ ವಿರುದ್ಧ ಗ್ರ್ಯಾಂಡ್ ಯೂನಿಯನ್), ಗಿರಾಕಿಗಳೇ ಆರಿಸಿಕೊಳ್ಳುವಂತೆ ತರಕಾರಿ ರಾಶಿ ಹಾಕಿದ ಮೇಲೆ ಒಂದೆರಡು ಕೆಳಗೆ ಬೀಳುವುದು ನಿರೀಕ್ಷಿತವೇ, ಆದ್ದರಿಂದ ಎಷ್ಟು ಹೊತ್ತಿನಿಂದ ಬಿದ್ದಿತ್ತೆಂದು ಬಿದ್ದವರೇ ತೋರಿಸಬೇಕಿಲ್ಲ, ಎಚ್ಚರ ವಹಿಸಿದ್ದೆವೆಂದು ಅಂಗಡಿಯವರು ತೋರಿಸಲಿ ಎಂದಿತು. ನಮ್ಮಲ್ಲೂ ಸೊಪ್ಪಿನ ದಂಟು ತುಳಿದು ಬಿದ್ದವರ ಪರ ಈ ತರ್ಕವನ್ನು ಮುಂದಿಡಲು ಅಡ್ಡಿಯಿಲ್ಲ. ಬಿದ್ದವರ ತಪ್ಪು ಅರ್ಧಕ್ಕಿಂತ ಹೆಚ್ಚೆಂದು ತೀರ್ಮಾನವಾದರೆ ಮಾತ್ರ ಅಲ್ಲಿ ಏನೂ ಸಿಗುವುದಿಲ್ಲ.

ಅಲ್ಲಿನ ವಕೀಲರು ಗೆದ್ದರೆ ಮಾತ್ರ ಪಾಲು ತೆಗೆದುಕೊಳ್ಳುವ ಕರಾರಿಗೆ ಒಪ್ಪುತ್ತಾರೆ, ಮುಂಗಡ ಬೇಕಿಲ್ಲ. ಇಲ್ಲಿನ ವಕೀಲರು ಹಾಗೆ ಪಾಲಿಗೆ ಕೇಸು ಹಿಡಿಯುವುದನ್ನು ಬಾರ್ ಕೌನ್ಸಿಲ್ ನಿಯಮಗಳು ಒಪ್ಪುವುದಿಲ್ಲ, ಯಾರಾದರೂ ಹಾಗೆಂದರೆ ಜಾಗ್ರತೆ. ಮಗಳ ಮೂಲಕ ಅಂಗಡಿಯ ಘಟನಾ ವರದಿಯ ಪ್ರತಿಯನ್ನೂ, ಆಸ್ಪತ್ರೆಯ ಬಿಲ್ಲನ್ನೂ, ಪ್ರವಾಸಿ ವಿಮೆಯ ಕಾಗದವನ್ನೂ ತರಿಸಿಕೊಳ್ಳಿ. ವಿಮಾ ಕಂಪನಿ ಕೊಟ್ಟ ಹಣವನ್ನು ನಿಮ್ಮ ಪರಿಹಾರದಿಂದ ವಾಪಸು ಕೇಳುವ ಷರತ್ತು ಅದರಲ್ಲಿದೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ವಕೀಲರಿಗೆ ತೋರಿಸಿ.